ತಣ್ಣಗಾದ ಬಕೆಟ್ಟು

ಕೆಲಸಕ್ಕೆ ಹೊಸದಾಗಿ ಸೇರಿದ ಉಪನ್ಯಾಸಕರು ಭೇಟಿಯಾದಾಗ ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. ಪ್ರಥಮ ಪಿಯುಸಿ ರಸಾಯನಶಾಸ್ತ್ರದ ಥರ್ಮೋಡೈನಮಿಕ್ಸ್ ಪಾಠವನ್ನು ಬೇಗ ಮುಗಿಸುವುದು ಹೇಗೆ? ಸಿಲೆಬಸ್ ಉದ್ದವಾಗಿದೆ, ತರಗತಿಗಳು ಕಡಿಮೆ, ಎಂಥಾಲ್ಪಿ, ಎಂಟ್ರೊಪಿ ಎಂಬ ಹೆಸರು ಕೇಳಿದರೆ ಮಕ್ಕಳಿಗೆ ತೂಕಡಿಕೆ ಬರುತ್ತದೆ. ಬೇಗ ಮುಗಿಸುವುದು ಕಷ್ಟವೇನಲ್ಲ. ಸೂತ್ರ ಬರೆಸಿ ನಾಲ್ಕು ಲೆಕ್ಕ ಮಾಡಿಸಿದರೆ ಅಧ್ಯಾಯ ಮುಗಿಯಿತು, ಅಂಕಗಳೂ ಬರುತ್ತವೆ.

ಆದರೆ ಆ ಅಧ್ಯಾಯದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಕ್ರಿಯೆ ನಡೆದಾಗ ಶಾಖ ಹೊರಬರುತ್ತದೆಯೋ ಒಳಗೆ ಹೋಗುತ್ತದೆಯೋ ಎಂಬುದು ಮೊದಲನೆಯದು. ಆ ಕ್ರಿಯೆ ತಾನಾಗಿ ನಡೆಯಬಲ್ಲದೋ ಇಲ್ಲವೋ ಎಂಬುದು ಎರಡನೆಯದು. ನಡೆಯುವುದಾದರೆ ಎಷ್ಟು ಬೇಗ ಎಂಬುದು ಮೂರನೆಯದು, ಅದರ ಉತ್ತರ ಈ ಅಧ್ಯಾಯದಲ್ಲಿ ಇಲ್ಲವೇ ಇಲ್ಲ. ನಾನು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಕಂಡ ತಪ್ಪುಗಳಲ್ಲಿ ಬಹುಪಾಲು ಈ ಮೂರನ್ನು ಕಲಸಿದ್ದರಿಂದ ಆದವು. ಉತ್ತರಪತ್ರಿಕೆಯಲ್ಲಾದರೆ ಒಂದು ಅಂಕ ಹೋಗುತ್ತದೆ. ಒಮ್ಮೆ ಕಾಗವಾಡದ ಹತ್ತಿರ ಒಂದು ಮನೆತನದ ಇಡೀ ವರ್ಷದ ದ್ರಾಕ್ಷಿ ಈ ಕಲಸುಮೇಲೋಗರದಿಂದ ಕೊಳೆತುಹೋಗುವುದರಲ್ಲಿತ್ತು. ಆ ದಿನದ ವಿವರವನ್ನು ಬರೆದಿಡಬೇಕು ಎಂದೇ ಈ ಬರಹಕ್ಕೆ ಕೂತಿದ್ದೇನೆ. ಅದಕ್ಕೆ ಮೊದಲು ಒಂದೆರಡು ಸಂಗತಿ ಹೇಳಬೇಕು.

ನಾನು ಚಿಕ್ಕೋಡಿಯವಳು. ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದಾಗ ನಿಪ್ಪಾಣಿಯ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಅಲ್ಲಿನ ಸಂಪಾದಕರು ವರದಿಗಾರರಿಗೆ ಹಾಕಿದ್ದ ಕಟ್ಟಳೆ ಒಂದೇ. ಕಣ್ಣಾರೆ ಕಂಡದ್ದು, ಬೇರೆಯವರಿಂದ ಕೇಳಿದ್ದು, ನೀವಾಗಿ ಊಹಿಸಿದ್ದು, ಇವು ಒಂದೇ ವಾಕ್ಯದಲ್ಲಿ ಬರಕೂಡದು. ತಂಬಾಕು ಗೋದಾಮಿಗೆ ಬೆಂಕಿ ಬಿತ್ತು ಎಂದು ಒಬ್ಬ ಬರೆದುಕೊಂಡು ಬಂದರೆ, ಬೆಂಕಿ ನೋಡಿದಿಯೋ ಹೊಗೆ ನೋಡಿದಿಯೋ ಎಂದು ಕೇಳುತ್ತಿದ್ದರು. ಹೊಗೆ ಎಂದರೆ ಹೊಗೆ ಎಂದೇ ಅಚ್ಚಾಗುತ್ತಿತ್ತು. ಮುಂದೆ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟೆ. ಬೇರೆ ಯಾವ ತರಬೇತಿಯೂ ನನಗೆ ಇಷ್ಟು ಉಪಯೋಗಕ್ಕೆ ಬರಲಿಲ್ಲ.

ಮೊದಲ ಕೆಲಸ ರಾಯಬಾಗದ ಒಂದು ಕಾಲೇಜಿನಲ್ಲಿ. ಒಂದು ದಿನ ತಪಾಸಣೆಗೆ ಬಂದ ಅಧಿಕಾರಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಕ್ರಿಯೆಯ ಸಾಧ್ಯತೆಯ ಪಾಠ ನಡೆದಿತ್ತು. ಮುಕ್ತ ಶಕ್ತಿಯ ಬದಲಾವಣೆ ಋಣಾತ್ಮಕವಾದರೆ ಕ್ರಿಯೆ ತಾನಾಗಿ ನಡೆಯಬಲ್ಲದು ಎಂದು ಹೇಳಿ, ಸಕ್ಕರೆ ಗಾಳಿಯಲ್ಲಿ ಸುಡುವುದನ್ನು ಉದಾಹರಣೆಯಾಗಿ ಬರೆದೆ. ಉಗಾರ ಖುರ್ದದಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ಎದ್ದುನಿಂತ. ಅವನ ತಂದೆ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್.

"ಮೇಡಂ, ನಮ್ಮೂರ ಗೋದಾಮಿನ್ಯಾಗ ಸಕ್ರಿ ಚೀಲ ಮಾಳಗಿ ಮಟಾ ಒಟ್ಯಾರ. ಗಾಳೀನೂ ಐತಿ. ಮತ್ತ ತಾನ ಯಾಕ ಸುಡಂಗಿಲ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅಧಿಕಾರಿ ಹಿಂದಿನಿಂದ, ಅದು ಸಿಲೆಬಸ್ಸಿನಲ್ಲಿಲ್ಲ, ಕೂತುಕೋ ಎಂದರು. ತರಗತಿ ಮುಗಿಯಿತು. ಸ್ಟಾಫ್ ರೂಮಿನಲ್ಲಿ ಚಹಾ ಬಂದಾಗ ಅವರು ಕಪ್ಪನ್ನು ಕೆಳಗಿಟ್ಟು ನನ್ನ ಕಡೆ ಸ್ವಲ್ಪ ಬಾಗಿ, "ಅಲ್ರಿ ಮೇಡಂ, ಖರೇನ ಯಾಕ ಸುಡಂಗಿಲ್ರಿ?" ಎಂದು ಕೇಳಿದರು.

ಬಸ್ಸಿನ ಹಣೆಯ ಮೇಲೆ ಅಥಣಿ ಎಂಬ ಬೋರ್ಡು ಇದ್ದರೆ ಅದು ಹೋಗುವ ದಿಕ್ಕು ಗೊತ್ತಾಗುತ್ತದೆ, ಯಾವಾಗ ಬಿಡುತ್ತದೆ ಎಂದು ಗೊತ್ತಾಗುವುದಿಲ್ಲ ಎಂದು ಹೇಳಿದೆ. ಮುಕ್ತ ಶಕ್ತಿ ಆ ಬೋರ್ಡಿನಂತೆ. ಸಕ್ಕರೆಗೂ ಆಮ್ಲಜನಕಕ್ಕೂ ನಡುವೆ ಒಂದು ಶಕ್ತಿಯ ತಡೆಯಿದೆ, ಕಡ್ಡಿ ಗೀರಿದರೆ ಅದನ್ನು ದಾಟಬಹುದು, ಸುಮ್ಮನೆ ಇಟ್ಟರೆ ದಾಟಲಾಗುವುದಿಲ್ಲ. ಅವರು ತಲೆಯಾಡಿಸಿದರು. ವರದಿಯಲ್ಲಿ ಮಾತ್ರ, ಉಪನ್ಯಾಸಕಿ ವಿಷಯಾಂತರಕ್ಕೆ ಅವಕಾಶ ಕೊಡುತ್ತಾರೆ ಎಂದು ಬರೆದರು. ಮರುದಿನ ಆ ಹುಡುಗನಿಗೆ ಬಸ್ಸಿನ ಉತ್ತರವನ್ನು ತರಗತಿಯಲ್ಲೇ ಕೊಟ್ಟೆ. ಅಂದಿನಿಂದ ಆ ಬಸ್ಸು ನನ್ನ ಪಾಠದಲ್ಲಿ ಉಳಿಯಿತು.

ಕೆಲವು ವರ್ಷಗಳ ನಂತರ ಕಾಗವಾಡದ ಹತ್ತಿರದ ಒಂದು ಪದವಿಪೂರ್ವ ಕಾಲೇಜಿಗೆ ಬಂದೆ. ನಿವೃತ್ತಿಯ ತನಕ ಅಲ್ಲೇ ಇದ್ದೆ. ನನಗಿಂತ ಹಿರಿಯರಾಗಿದ್ದವರು ಹಿರೇಮಠ ಸರ್. ಅಚ್ಚುಕಟ್ಟಾದ ಮನುಷ್ಯ. ಚಾಕ್ ಹಿಡಿದರೆ ಬೋರ್ಡಿನ ಮೇಲೆ ಒಂದು ಅಕ್ಷರವೂ ಸೊಟ್ಟಗಾಗುತ್ತಿರಲಿಲ್ಲ. ಅವರ ನೋಟ್ಸ್ ಓದಿದವರು ಫೇಲಾಗುವುದಿಲ್ಲ ಎಂದು ಸುತ್ತಲಿನ ಹಳ್ಳಿಗಳಲ್ಲಿ ಹೆಸರಿತ್ತು, ಅದು ಸುಳ್ಳೂ ಆಗಿರಲಿಲ್ಲ. ಬೋರ್ಡಿನ ಬಲಮೂಲೆಯಲ್ಲಿ ಅವರು ಒಂದು ವಾಕ್ಯ ಬರೆದು, ಅದನ್ನು ಒರೆಸಬಾರದು ಎಂದು ಸುತ್ತ ಗೆರೆ ಹಾಕಿದ್ದರು. ಶಾಖ ಬಿಡುವ ಕ್ರಿಯೆ ತಾನಾಗಿ ನಡೆಯುತ್ತದೆ, ಶಾಖ ಹೀರುವ ಕ್ರಿಯೆ ನಡೆಯುವುದಿಲ್ಲ.

ಬಹಳಷ್ಟು ಕಡೆ ಈ ಮಾತು ಸರಿಹೋಗುತ್ತದೆ. ಕಟ್ಟಿಗೆ ಉರಿಯುತ್ತದೆ, ಸುಣ್ಣದ ಹರಳಿಗೆ ನೀರು ಹಾಕಿದರೆ ಕುದಿಯುತ್ತದೆ. ಸರಿಹೋಗದ ಕಡೆಯೂ ಇವೆಯಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ ಅವರು, "ಅವು ಅಪವಾದ್ರಿ ಮೇಡಂ. ಹುಡುಗರಿಗೆ ಮೊದಲ ನಿಯಮ ಗಟ್ಟಿ ಆಗ್ಲಿ" ಎಂದಿದ್ದರು. ವಾದಿಸುವುದು ಅವರಿಗೆ ಸೇರುತ್ತಿರಲಿಲ್ಲ, ನನಗೂ ಅಷ್ಟಕ್ಕಷ್ಟೇ.

ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಖಾಲಿ ಬಾಟಲಿಗಳೇ ಹೆಚ್ಚು. ಹಾಗಾಗಿ ನಾನು ಮಕ್ಕಳಿಗೆ ಅವರವರ ಹೊಲಮನೆಯಲ್ಲಿ ಬಳಸುವ ಬಿಳಿ ಪುಡಿಗಳನ್ನು ಚೀಲದ ಮೇಲಿನ ಹೆಸರು ಓದಿಕೊಂಡು, ಒಂದಿಷ್ಟು ಕಾಗದದಲ್ಲಿ ಕಟ್ಟಿ ತರಲು ಹೇಳುತ್ತಿದ್ದೆ. ಯೂರಿಯಾ ಬರುತ್ತಿತ್ತು. ದ್ರಾಕ್ಷಿ ಬಳ್ಳಿಗೆ ಹನಿ ನೀರಿನ ಜೊತೆ ಬಿಡುವ ಹದಿಮೂರು ಸೊನ್ನೆ ನಲವತ್ತೈದು ಎಂಬ ಗೊಬ್ಬರ ಬರುತ್ತಿತ್ತು, ಅದು ಪೊಟ್ಯಾಸಿಯಂ ನೈಟ್ರೇಟ್. ಒಣದ್ರಾಕ್ಷಿ ಮಾಡುವವರ ಮನೆಯಿಂದ ಡಿಪ್ಪಿಂಗ್ ಪುಡಿ ಬರುತ್ತಿತ್ತು, ಅದು ಪೊಟ್ಯಾಸಿಯಂ ಕಾರ್ಬೊನೇಟ್. ನೋಡಲು ಎಲ್ಲವೂ ಬಿಳಿ. ಬೀಕರಿನಲ್ಲಿ ಸ್ವಲ್ಪ ನೀರು, ಅದಕ್ಕೆ ಪುಡಿ, ಕಡ್ಡಿಯಿಂದ ಕದಡಿ ಹೊರಮೈ ಮುಟ್ಟಿ ನೋಡಬೇಕು. ಡಿಪ್ಪಿಂಗ್ ಪುಡಿಯ ಬೀಕರು ಬಿಸಿ. ಗೊಬ್ಬರದ ಬೀಕರು ತಣ್ಣಗೆ. ಹುಡುಗಿಯರು ತಣ್ಣನೆಯದನ್ನು ಗಲ್ಲಕ್ಕೆ ಹಚ್ಚಿಕೊಂಡು ನಗುತ್ತಿದ್ದರು. ಕಾರಿಡಾರಿನಲ್ಲಿ ಹೋಗುತ್ತಿದ್ದ ಹಿರೇಮಠ ಸರ್ ಒಮ್ಮೆ ಬಾಗಿಲಲ್ಲಿ ನಿಂತು, ಇದು ಲ್ಯಾಬೋ ಗೊಬ್ಬರದ ಅಂಗಡಿಯೋ ಎಂದು ಕೇಳಿದರು. ಅಂಗಡಿಯಲ್ಲಿ ಉದ್ರಿ ಸಿಗುತ್ತದೆ, ಇಲ್ಲಿ ಅದೂ ಇಲ್ಲ ಎಂದೆ. ನಕ್ಕು ಹೋದರು.

ಎರಡೂ ಕರಗಿದವು. ಒಂದು ಶಾಖ ಬಿಟ್ಟು, ಇನ್ನೊಂದು ಶಾಖ ಹೀರಿ. ಹೀರಿದ್ದು ಏಕೆ ಕರಗಿತು ಎಂಬಲ್ಲಿಗೆ ಬಂದಾಗ ಎಂಟ್ರೊಪಿ ಬೇಕಾಗುತ್ತದೆ, ತರಗತಿ ಮಂಕಾಗುವುದೂ ಅಲ್ಲೇ. ಹರಳಿನಲ್ಲಿ ಕಣಗಳು ಸಾಲಾಗಿ ಕೂತಿರುತ್ತವೆ, ನೀರಿನಲ್ಲಿ ಚದುರುತ್ತವೆ, ಚದುರಿದ ಸ್ಥಿತಿಗೆ ದಾರಿಗಳು ಅಸಂಖ್ಯ, ಸಾಲಾಗಿರುವ ಸ್ಥಿತಿಗೆ ಕೆಲವೇ ಎಂದು ನಾನು ಹೇಳುತ್ತಿದ್ದೆ. ಒಂದು ವರ್ಷ ಕೊಕಟನೂರ ಕಡೆಯ, ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಕೂತಲ್ಲಿಂದಲೇ, "ದಡ್ಡಿ ಬಾಗಿಲಾ ತಗದಂಗ ಏನ್ರಿ ಮೇಡಂ? ಕುರಿ ಹೊರಗ ಹರಡಾಕ ಯಾರೂ ಹೊಡಿಯೂದ ಬ್ಯಾಡ. ಒಳಗ ಕೂಡಸಾಕ ಮನಿಮಂದೀನೆಲ್ಲಾ ಬೇಕು" ಎಂದಳು. ಹೌದು, ಕುರಿದೊಡ್ಡಿಯ ಹಾಗೇ ಎಂದೆ. ಆಮೇಲಿನ ಎಲ್ಲ ತರಗತಿಗಳಲ್ಲೂ ಕುರಿಗಳು ಬಂದವು. ಅದೇ ತರಗತಿಯಲ್ಲಿ ಸುಜಾತಾ ಇದ್ದಳು.

ಸುಜಾತಾಳ ತಂದೆ ರಾಯಗೌಡರು. ತಲೆತಲಾಂತರದಿಂದ ಅಲ್ಲೇ ಇರುವ ಒಕ್ಕಲು ಮನೆತನ, ಕಬ್ಬು ಸ್ವಲ್ಪ, ದ್ರಾಕ್ಷಿ ಹೆಚ್ಚು. ಅಣ್ಣ ಸತೀಶ ನಮ್ಮ ಕಾಲೇಜಿನಲ್ಲೇ ಹಿರೇಮಠ ಸರ್ ಕೈಯಲ್ಲಿ ಕಲಿತು, ಬಿ.ಎಸ್ಸಿ. ಮುಗಿಸಿ, ಮನೆಯ ಒಕ್ಕಲುತನಕ್ಕೆ ನಿಂತಿದ್ದ. ಆ ವರ್ಷ ಹಸಿ ದ್ರಾಕ್ಷಿ ಒಯ್ಯಬೇಕಿದ್ದ ವ್ಯಾಪಾರಿ ಕೊನೆಯ ಗಳಿಗೆಯಲ್ಲಿ ಬರಲಿಲ್ಲ. ತೋಟದ ಫಸಲೆಲ್ಲವನ್ನೂ ಬೇದಾಣಾ, ಅಂದರೆ ಒಣದ್ರಾಕ್ಷಿ, ಮಾಡುವುದೊಂದೇ ದಾರಿ ಉಳಿಯಿತು.

ಈ ಕೆಲಸದ ರೀತಿ ಹೀಗೆ. ದ್ರಾಕ್ಷಿ ಕಾಯಿಯ ಮೇಲೆ ತೆಳ್ಳನೆಯ ಮೇಣದ ಪದರವಿರುತ್ತದೆ. ಒಳಗಿನ ನೀರು ಹೊರಬರಲು ಅದು ಅಡ್ಡಿ. ಡಿಪ್ಪಿಂಗ್ ಪುಡಿಯನ್ನು ಒಂದು ಬಕೆಟ್ ನೀರಿನಲ್ಲಿ ಗಟ್ಟಿಯಾಗಿ ಕರಗಿಸಿ, ಅದನ್ನು ದೊಡ್ಡ ಡ್ರಮ್ಮಿಗೆ ಸುರಿದು, ಡಿಪ್ಪಿಂಗ್ ಎಣ್ಣೆ ಬೆರೆಸುತ್ತಾರೆ. ಕ್ರೇಟಿನ ಸಮೇತ ದ್ರಾಕ್ಷಿಯನ್ನು ಅದರಲ್ಲಿ ಅದ್ದಿ ತೆಗೆದು, ಶೆಡ್ಡಿನಲ್ಲಿ ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಪುಡಿಯ ಕ್ಷಾರ ಮತ್ತು ಎಣ್ಣೆ ಸೇರಿ ಮೇಣವನ್ನು ಸಡಿಲಿಸುತ್ತವೆ, ನೀರು ಬೇಗ ಆರುತ್ತದೆ. ಕ್ಷಾರ ಇಲ್ಲದಿದ್ದರೆ ಕಾಯಿ ಮೆತ್ತಗೆ ಉಳಿದು ಬೂಸು ಹಿಡಿಯುತ್ತದೆ. ಕೊಯ್ದ ಮೇಲೆ ತಡಮಾಡುವಂತಿಲ್ಲ, ಬಿಸಿಲಿಗೆ ಕ್ರೇಟಿನಲ್ಲೇ ಕಾಯಿ ಬಾಡಿ ಒಡೆಯುತ್ತವೆ.

ಪರೀಕ್ಷೆ ಮುಗಿದು ರಜೆ ಶುರುವಾಗಿತ್ತು. ಒಂದು ಬೆಳಿಗ್ಗೆ ಸುಜಾತಾ ತಂದೆಯ ಫೋನಿನಿಂದ ಕರೆ ಮಾಡಿದಳು.

"ಮೇಡಂ, ಡಿಪ್ಪಿಂಗ್ ಪುಡಿ ಕದಡಿದ ಬಕೆಟ್ ತಣ್ಣಗ ಆಗೇತ್ರಿ. ನೀವು ತೋರಿಸಿದಾಗ ಬಿಸಿ ಆಗಿತ್ತಲ್ರಿ."

ಕಂಡದ್ದು ಯಾವುದು, ಊಹೆ ಯಾವುದು ಎಂದು ಕೇಳಿದೆ. ಬಕೆಟ್ಟು ಮುಟ್ಟಿ ನೋಡಿದ್ದೇನೆ, ತಣ್ಣಗಿದೆ, ಅದು ಕಂಡದ್ದು, ಪುಡಿ ಬೇರೆ ಇರಬೇಕು ಎಂಬುದು ಊಹೆ ಎಂದು ಸರಿಯಾಗಿಯೇ ವಿಂಗಡಿಸಿದಳು. ಡಿಪ್ಪಿಂಗ್ ಪುಡಿ, ಹನಿ ನೀರಿಗೆ ಬಿಡುವ ಗೊಬ್ಬರ ಎರಡನ್ನೂ ಅವರ ಮನೆಯಲ್ಲಿ ಖಾಲಿಯಾದ ಡಿಸ್ಟೆಂಪರ್ ಡಬ್ಬಿಗಳಲ್ಲಿ ಹಾಕಿಡುತ್ತಿದ್ದರು. ಚೀಲ ಬಿಚ್ಚಿದ ಮೇಲೆ ಡಿಪ್ಪಿಂಗ್ ಪುಡಿ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ, ಅದಕ್ಕಾಗಿ ಮುಚ್ಚಳದ ಡಬ್ಬಿ. ಹಂಗಾಮಿಗೆ ಮುಂಚೆ ಶೆಡ್ಡಿಗೆ ಸುಣ್ಣ ಹಚ್ಚುವಾಗ ಡಬ್ಬಿಗಳನ್ನು ಹೊರಗಿಟ್ಟು ಮತ್ತೆ ಒಳಗಿಟ್ಟಿದ್ದರು. ಸತೀಶ ಡಬ್ಬಿಯ ಹಳೆಯ ಜಾಗ ನೋಡಿ ಪುಡಿ ತೆಗೆದಿದ್ದ.

"ಈಗಾಗಲೇ ಒಂದ ಬಕೆಟ್ ಡ್ರಮ್ಮಿಗೆ ಸುರದು, ಮ್ಯಾಲಿನ ಅಂತಸ್ತು ಹಾಕ್ಯಾರ್ರಿ. ಎರಡನೇದ್ದು ಕದಡಾಕತ್ತಾನ. ನಾ ಹೇಳಿದ್ರ ದಾದಾ ಕೇಳವಲ್ಲ. ನೀವ ಬರ್ರಿ ಮೇಡಂ" ಎಂದಳು. ದಾದಾ ಎಂದರೆ ಅಣ್ಣ.

ನನ್ನ ಮನೆಯಿಂದ ಅವರ ತೋಟ ದೂರವಿರಲಿಲ್ಲ. ಸ್ಕೂಟಿ ತೆಗೆದುಕೊಂಡು ಹೋದೆ.

ಶೆಡ್ಡಿನ ಮುಂದೆ ತುಂಬಿದ ಕ್ರೇಟುಗಳು ಸಾಲಾಗಿದ್ದವು. ಇನ್ನೂ ಕೊಯ್ದು ತರುತ್ತಿದ್ದರು. ಮೀರಜದ ದಿಕ್ಕಿಗೆ ಮೋಡ ಕಟ್ಟಿತ್ತು. ರಾಯಗೌಡರು ಬೋರಲು ಹಾಕಿದ ಕ್ರೇಟಿನ ಮೇಲೆ ಕುಳಿತಿದ್ದವರು ಎದ್ದು, ಬರ್ರಿ ಮೇಡಂ ಎಂದರು. ಕೆಲಸಕ್ಕೆ ಬಂದಿದ್ದ ಹೆಣ್ಣಾಳುಗಳು ಕೈಕಟ್ಟಿ ನಿಂತಿದ್ದರು. ಸತೀಶ ಬಿದಿರುಕೋಲಿನಿಂದ ಬಕೆಟ್ಟನ್ನು ತಿರುವುತ್ತಿದ್ದ. ಬೆವರುತ್ತಿದ್ದ.

"ಇನ್ನೂ ಪೂರಾ ಕರಗಿಲ್ರಿ ಮೇಡಂ, ಅದಕ್ಕ ತಣ್ಣಗ ಐತಿ" ಎಂದ. "ತಳದಾಗ ಇನ್ನೂ ಪುಡಿ ಕುಂತೈತಿ. ಕರಗಿತಂದ್ರ ಬಿಸಿ ಆಗಾಕಬೇಕು. ಶಾಖ ಹೀರೂ ಕ್ರಿಯೆ ನಡೆಯೂದ ಇಲ್ಲ ಅಂತ ಹಿರೇಮಠ ಸರ್ ಕಲಿಸ್ಯಾರ."

ಸತೀಶ ಹೇಳಿದ್ದರಲ್ಲಿ ತರ್ಕ ತಪ್ಪಿರಲಿಲ್ಲ. ಕರಗಿದರೆ ಶಾಖ ಬಿಡಲೇಬೇಕು ಎಂದು ಒಪ್ಪಿದ ಮೇಲೆ, ಶಾಖ ಬಂದಿಲ್ಲವಾದರೆ ಕರಗಿಲ್ಲ ಎಂದೇ ಅರ್ಥ, ಇನ್ನಷ್ಟು ಕದಡಬೇಕು. ಕದಡಿದಷ್ಟೂ ಪುಡಿ ಕರಗುತ್ತಿತ್ತು, ಕರಗಿದಷ್ಟೂ ತಣ್ಣಗಾಗುತ್ತಿತ್ತು, ತಣ್ಣಗಾದಷ್ಟೂ ಉಳಿದದ್ದು ಕರಗದೆ ತಳದಲ್ಲಿ ಕೂರುತ್ತಿತ್ತು.

"ದಾದಾ, ನೀ ತಿರಿವಿದಷ್ಟೂ ಥಂಡ ಆಗಾಕತ್ತೈತಿ. ಕೈ ಹಚ್ಚಿ ನೋಡು" ಎಂದಳು ಸುಜಾತಾ.

"ಮೊನ್ನೆ ಪರೀಕ್ಷಾ ಬರದ ಬಂದಾಕಿ. ನನಗ ಕಲಿಸಾಕ ಬಂದಾಳ" ಎಂದ ಸತೀಶ, ಕೋಲು ನಿಲ್ಲಿಸದೆ.

ಹೆಣ್ಣಾಳುಗಳಲ್ಲಿ ಹಿರಿಯಳೊಬ್ಬಳು, "ಗೌಡ್ರ, ಅಣ್ಣಾ ತಂಗಿ ಜಗಳಾ ಮುಗಿಯೂದ್ರಾಗ ಕಾಯಿ ತಾವ ಬೇದಾಣಾ ಆಗತಾವ ನೋಡ್ರಿ" ಎಂದಳು. ಉಳಿದವರು ಸೆರಗು ಬಾಯಿಗೆ ಒತ್ತಿ ನಕ್ಕರು. ರಾಯಗೌಡರು ನಗಲಿಲ್ಲ. ಕೆಲಸ ನಿಲ್ಲಿಸಿದರೆ ಕೊಯ್ದದ್ದು ಬಿಸಿಲಿಗೆ ಹಾಳು. ಮುಂದುವರಿಸಿ ಪುಡಿ ತಪ್ಪಿದ್ದರೆ ತೋಟದ ಫಸಲೆಲ್ಲ ಬಲೆಯ ಮೇಲೆ ಕೊಳೆಯುತ್ತದೆ. ಡ್ರಮ್ಮಿನಲ್ಲಿದ್ದ ನೀರು ಎಣ್ಣೆ ಬಿದ್ದು ಹಾಲಿನಂತೆ ಬೆಳ್ಳಗಿತ್ತು. ಸರಿಯಾದ ಪುಡಿ ಹಾಕಿದರೂ ಅದು ಹಾಗೆಯೇ ಕಾಣುತ್ತದೆ. ಒಂದು ಕಡೆ ಪದವಿ ಮುಗಿಸಿದ ಮಗ, ಇನ್ನೊಂದು ಕಡೆ ಪ್ರಥಮ ಪಿಯುಸಿ ಮಗಳು. ಅವರು ನನ್ನ ಮುಖ ನೋಡಿದರು.

ನೋಡಿ ಹೇಳುವಂಥದ್ದಲ್ಲ, ಪರೀಕ್ಷಿಸಿ ಹೇಳಬಹುದು ಎಂದೆ. ಮನೆಯೊಳಗಿಂದ ಅರಿಶಿನ ಮತ್ತು ಎರಡು ತಾಟು ತರಿಸಿದೆ. ಅರಿಶಿನವನ್ನು ನೀರಿನಲ್ಲಿ ಕಲಸಿ ಒಂದು ತಾಟಿಗೆ ಬಳಿದು, ಸತೀಶನ ಬಕೆಟ್ಟಿನ ನೀರನ್ನು ಅದರ ಮೇಲೆ ಹನಿಸಿದೆ. ಡಿಪ್ಪಿಂಗ್ ಪುಡಿ ಕ್ಷಾರ, ಅದಾಗಿದ್ದರೆ ಅರಿಶಿನ ಕೆಂಪಾಗಬೇಕು. ಹಳದಿಯಾಗಿಯೇ ಉಳಿಯಿತು.

"ಅರಿಷಿಣಾ ಹಳೇದ ಇರಬೇಕ್ರಿ" ಎಂದ ಸತೀಶ.

ಆಕ್ಷೇಪ ನ್ಯಾಯವಾದದ್ದೇ. ಒಂದೇ ಸಾಕ್ಷಿಯ ಮೇಲೆ ಸುದ್ದಿ ಅಚ್ಚಾಗಬಾರದು. ಗೋಡೆಯ ಪಕ್ಕದ ಇನ್ನೊಂದು ಡಬ್ಬಿಯಿಂದ ಒಂದು ಹಿಡಿ ಪುಡಿ ತೆಗೆದು ಚೆರಿಗೆಯ ನೀರಿಗೆ ಹಾಕಲು ಸುಜಾತಾಳಿಗೆ ಹೇಳಿದೆ. ಅವಳು ಕದಡಿ, ಚೆರಿಗೆಯನ್ನು ಅಣ್ಣನ ಕೈಗೆ ಕೊಟ್ಟಳು. ಅವನು ಕೋಲು ಬಿಟ್ಟು ಎರಡೂ ಕೈಯಿಂದ ಹಿಡಿದುಕೊಂಡ. ಚೆರಿಗೆ ಬಿಸಿಯಾಗಿತ್ತು. ಅದರ ಹನಿ ಅದೇ ಅರಿಶಿನ ಬಳಿದ ಎರಡನೇ ತಾಟಿಗೆ ಬಿದ್ದಲ್ಲಿ ಕುಂಕುಮದ ಬಣ್ಣ ಬಂತು.

ರಾಯಗೌಡರು ಎರಡು ತಾಟುಗಳನ್ನೂ ಒಮ್ಮೆ ನೋಡಿದರು. ಹೆಣ್ಣಾಳುಗಳ ಕಡೆ ತಿರುಗಿ, "ಮ್ಯಾಲ ಹಾಕಿದ್ದ ಇಳಸ್ರಿ. ಡ್ರಮ್ ಚೆಲ್ಲ್ರಿ. ಕೊಯ್ಯಾವ್ರಿಗೆ ತಾಸೊತ್ತು ನಿಂದರಾಕ ಹೇಳ್ರಿ" ಎಂದರು. 

ಮೇಲಿನ ಅಂತಸ್ತಿನ ದ್ರಾಕ್ಷಿಯನ್ನು ಇಳಿಸಿ ನೀರಿನಲ್ಲಿ ತೊಳೆದರು. ಡ್ರಮ್ಮು ತೊಳೆದು ಹೊಸ ನೀರು ತುಂಬಿದರು. ಸತೀಶನೇ ಸರಿಯಾದ ಪುಡಿಯನ್ನು ಇನ್ನೊಂದು ಬಕೆಟ್ಟಿಗೆ ಹಾಕಿ ಕದಡಿದ. ಅಂಗೈಯನ್ನು ಬಕೆಟ್ಟಿನ ಹೊರಮೈಗೆ ಹಚ್ಚಿ, ಅಗತ್ಯಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇಟ್ಟಿದ್ದ. ಮೋಡ ನಾಲ್ಕು ಹನಿ ಉದುರಿಸಿ ಕೃಷ್ಣೆಯ ಕಡೆ ಸರಿಯಿತು. ಮಧ್ಯಾಹ್ನದ ಹೊತ್ತಿಗೆ ಕೆಲಸ ಮೊದಲಿನಂತೆ ನಡೆದಿತ್ತು.

ಚಹಾ ಕುಡಿಯುವಾಗ ರಾಯಗೌಡರು ನನ್ನನ್ನು ಕೇಳಿದರು. ಬಿಸಿಯಾಗುವುದು ಕರಗುವುದು ಸರಿ, ತಣ್ಣಗಾಗುವುದು ಯಾಕೆ ಕರಗಬೇಕು, ಅದನ್ನು ಯಾರು ದೂಡುತ್ತಾರೆ ಎಂದು. ನಾನು ಸುಜಾತಾಳ ಕಡೆ ನೋಡಿದೆ.

"ಅಪ್ಪಾ, ನಮ್ಮ ಹೊಲದಾಗ ಕುರಿ ತರುಬಿದಾಗ ನೋಡಿಲ್ಲೇನ? ದಡ್ಡಿ ತಗದ್ರ ತಾವ ಹರಡತಾವ. ಅದೂ ಹಂಗ. ಹರಡೂದು ಹಗರ, ಕೂಡಸೂದು ತ್ರಾಸು. ದಡ್ಡಿ ಕೀಳಾಕ ಒಂದೀಟ ಬಲಾ ಬೇಕಲ್ಲ, ಅದನ್ನ ನೀರಿನ್ಯಾಗಿನ ಬಿಸಿಯಿಂದ ತಗೋತೈತಿ. ಅದಕ್ಕ ನೀರ ತಣ್ಣಗ ಆಗತೈತಿ."

ಹರಳು ಬಿಡಿಸಲು ಹೋಗುವ ಶಾಖ ಎಂಥಾಲ್ಪಿ, ಹರಡುವುದರ ಲಾಭ ಎಂಟ್ರೊಪಿ. ಆ ಲಾಭವನ್ನು ತಾಪದಿಂದ ಗುಣಿಸಬೇಕು. ಗುಣಿಸಿದ್ದು ಶಾಖಕ್ಕಿಂತ ದೊಡ್ಡದಾದರೆ ಕ್ರಿಯೆ ಮುಂದೆ ಹೋಗುತ್ತದೆ, ಮುಕ್ತ ಶಕ್ತಿಯ ಸೂತ್ರ ಹೇಳುವುದು ಇದನ್ನೇ. ತಾಪ ಇಳಿದಂತೆ ಆ ಗುಣಲಬ್ಧ ಸಣ್ಣದಾಗುತ್ತದೆ, ಅದಕ್ಕೇ ತಣ್ಣಗಾದ ಬಕೆಟ್ಟಿನಲ್ಲಿ ಪುಡಿ ಉಳಿದದ್ದು. ಚೆಲ್ಲದೆ ಬಿಸಿಲಿಗಿಟ್ಟಿದ್ದ ಆ ಬಕೆಟ್ಟಿನ ತಳವನ್ನು ಸತೀಶನಿಗೆ ತೋರಿಸಿದೆ. ಆಗ ಅಲ್ಲಿ ಪುಡಿ ಇರಲಿಲ್ಲ. ಆ ನೀರನ್ನು ಅವನು ಹನಿ ನೀರಾವರಿಯ ಟ್ಯಾಂಕಿಗೆ ಸುರಿದ. ಗೊಬ್ಬರ ಬಳ್ಳಿಗೆ ಹೋಯಿತು.

ಬೆಳಿಗ್ಗೆ ಮೇಲಿನ ಅಂತಸ್ತು ಇಳಿಸುವಾಗಲೇ ಅವನು ತಂದೆಯನ್ನು ಒಂದು ಮಾತು ಕೇಳಿದ್ದ. ತಪ್ಪು ಪುಡಿಯಲ್ಲಿ ಅದ್ದಿದ ದ್ರಾಕ್ಷಿಯಲ್ಲಿ ಒಂದು ಸಾಲನ್ನು ಇಳಿಸದೆ ಹಾಗೇ ಬಿಡಬೇಕು, ಏನಾಗುತ್ತದೆ ಎಂದು ನೋಡಬೇಕು ಎಂದು. ರಾಯಗೌಡರು ಗೊಣಗಿದ್ದರು, ಆದರೆ ಬಿಟ್ಟಿದ್ದರು.

ದ್ರಾಕ್ಷಿ ಒಣಗಿ ಬಲೆಯಿಂದ ಇಳಿಸಿದ ಮೇಲೆ ಸತೀಶ ಕಾಲೇಜಿಗೆ ಬಂದ. ರಜೆಯಿದ್ದರೂ ನಾವು ದಾಖಲಾತಿ ಕೆಲಸಕ್ಕೆ ಬರುತ್ತಿದ್ದೆವು. ನೇರವಾಗಿ ಹಿರೇಮಠ ಸರ್ ಮೇಜಿನ ಮುಂದೆ ನಿಂತು ಎರಡು ಗೊಂಚಲುಗಳನ್ನು ಕಾಗದದ ಮೇಲೆ ಇಟ್ಟ. ಒಂದು ಎಳೆಹಸಿರಿನ, ಸುಕ್ಕಾದ ಬೇದಾಣಾ. ಇನ್ನೊಂದು ಕಂದು ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ತೊಟ್ಟಿನ ಸುತ್ತ ಬೂಸು ಹಿಡಿದದ್ದು. ತೊಳೆದು ಮತ್ತೆ ಅದ್ದಿದ ದ್ರಾಕ್ಷಿ ಸ್ವಲ್ಪ ಒಡೆದು ಬಣ್ಣ ಮಾಸಿತ್ತಂತೆ, ಅದನ್ನು ಬೇರೆ ಕಟ್ಟಿದ್ದರು. ಉಳಿದ ಫಸಲೆಲ್ಲ ಮೊದಲ ಗೊಂಚಲಿನಂತೆ ಬಂದಿತ್ತು. ಕೆಟ್ಟದ್ದು ಅವನು ಇಳಿಸದೆ ಉಳಿಸಿಕೊಂಡಿದ್ದ ಆ ಒಂದು ಸಾಲು ಮಾತ್ರ.

ಅವನು ನಡೆದದ್ದನ್ನೆಲ್ಲ ಬಿಡದೆ ಹೇಳಿ, ಕೊನೆಗೆ, "ಸರ್, ನೀವ ಬರಸಿದ ವಾಕ್ಯ ನನಗ ಇನ್ನೂ ಬಾಯಿಪಾಠ ಐತ್ರಿ. ಬಕೆಟ್ಟಿಗೆ ಅದು ಗೊತ್ತಿರಲಿಲ್ರಿ" ಎಂದ. ಅವನ ದನಿಯಲ್ಲಿ ಚುಚ್ಚುವಿಕೆ ಇರಲಿಲ್ಲ.

ಹಿರೇಮಠ ಸರ್ ಚಷ್ಮಾ ತೆಗೆದು ಒರೆಸಿಕೊಂಡು ಹಾಕಿಕೊಂಡರು. ಒಳ್ಳೆಯ ಗೊಂಚಲಿನಿಂದ ಒಂದು ಕಾಯಿ ಕಿತ್ತು ಬಾಯಿಗೆ ಹಾಕಿಕೊಂಡರು. ಕೆಟ್ಟದ್ದನ್ನು ತಿರುಗಿಸಿ ನೋಡುತ್ತ ನನ್ನನ್ನು ಕೇಳಿದರು, ಇದು ಒಣಗುತ್ತಲೇ ಇರಲಿಲ್ಲವೋ ಎಂದು. ಒಣಗುತ್ತಿತ್ತು ಎಂದೆ. ಒಣ ಗಾಳಿಗೆ ಕಾಯಿಯ ನೀರು ಹೋಗುವುದು ತಾನಾಗಿ ನಡೆಯುವ ಕ್ರಿಯೆ, ಅದೂ ಶಾಖ ಹೀರುವ ಕ್ರಿಯೆಯೇ. ಪುಡಿ ಹಾಕಿದರೂ ಹಾಕದಿದ್ದರೂ ಆ ದಿಕ್ಕು ಬದಲಾಗುವುದಿಲ್ಲ. ಮೇಣ ಅದನ್ನು ನಿಧಾನ ಮಾಡುತ್ತದೆ, ಅಷ್ಟರೊಳಗೆ ಬೂಸು ತನ್ನ ಕೆಲಸ ಮುಗಿಸುತ್ತದೆ.

"ಅಂದ್ರ ಆಗೂದು ಬ್ಯಾರೆ, ವ್ಯಾಳ್ಯಾಕ್ಕ ಆಗೂದು ಬ್ಯಾರೆ" ಎಂದರು.

ಹೌದ್ರಿ ಸರ್ ಎಂದೆ. ಅವರು ಆ ಬೂ‌ಸಿನ ಗೊಂಚಲನ್ನು ಕಾಗದದಲ್ಲಿ ಸುತ್ತಿ ತಾವೇ ಹೊರಗೆ ಹಾಕಿ ಬಂದರು. ಕಾಲೇಜು ಮತ್ತೆ ತೆರೆದಾಗ ಬೋರ್ಡಿನ ಬಲಮೂಲೆಯ ವಾಕ್ಯ ಇರಲಿಲ್ಲ. ಅದರ ಜಾಗದಲ್ಲಿ ಅದೇ ದುಂಡನೆಯ ಅಕ್ಷರದಲ್ಲಿ ಮುಕ್ತ ಶಕ್ತಿಯ ಸೂತ್ರವಿತ್ತು, ತಾಪದ ಅಕ್ಷರದ ಕೆಳಗೆ ಎರಡು ಗೆರೆ. ಒರೆಸಬಾರದು ಎಂಬ ಚೌಕಟ್ಟು ಹಾಗೆಯೇ ಇತ್ತು. ಅವರ ನಿವೃತ್ತಿಗೆ ಆಗ ಹೆಚ್ಚು ಸಮಯ ಉಳಿದಿರಲಿಲ್ಲ. ಹಳೆಯ ನೋಟ್ಸಿನಿಂದಲೇ ದಾಟಿಸಿಬಿಡಬಹುದಿತ್ತು, ಹಾಗೆ ಮಾಡಲಿಲ್ಲ. ಅವರ ಬಗ್ಗೆ ನನಗೆ ಗೌರವ ಹೆಚ್ಚಾದದ್ದು ಇದರಿಂದ.

ಈಗ ಪಾಠದ ರೀತಿ ಬದಲಾಗಿದೆ. ಸ್ಮಾರ್ಟ್ ಬೋರ್ಡಿನಲ್ಲಿ ಕಣಗಳು ಬಣ್ಣಬಣ್ಣವಾಗಿ ಚದುರುವುದನ್ನು ತೋರಿಸುತ್ತಾರೆ, ನಾನು ಮಾತಿನಲ್ಲಿ ಹೇಳುತ್ತಿದ್ದುದಕ್ಕಿಂತ ಅದು ಚೆನ್ನಾಗಿದೆ. ನೀಟ್ ತಯಾರಿಯ ಮಕ್ಕಳು ಎಂಥಾಲ್ಪಿ ಮತ್ತು ಎಂಟ್ರೊಪಿಯ ಚಿಹ್ನೆಗಳನ್ನು ನೋಡಿ ಕಣ್ಣು ಮಿಟುಕಿಸುವುದರೊಳಗೆ ಸರಿ ಆಯ್ಕೆಗೆ ಗುರುತು ಹಾಕುತ್ತಾರೆ. ಅದರಲ್ಲೂ ತಪ್ಪಿಲ್ಲ. ಆದರೆ ವಿಡಿಯೋದಲ್ಲಿ ತಣ್ಣಗಾಗುವುದು ಕೈಗೆ ಗೊತ್ತಾಗುವುದಿಲ್ಲ. ಎರಡು ಬೀಕರು, ಎರಡು ಪುಡಿ, ಒಂದು ತರಗತಿ ಸಾಕು. ಅದನ್ನು ಮಾತ್ರ ಬಿಡಬೇಡಿ ಎಂದು ಹೊಸಬರಿಗೆ ಹೇಳುತ್ತೇನೆ. ಸುಜಾತಾ ಈಗ ಮೀರಜದಲ್ಲಿ ಒಂದು ಶಾಲೆಯಲ್ಲಿ ಮರಾಠಿಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಕುರಿಗಳು ಅಲ್ಲಿಯೂ ಬರುತ್ತವೆಯಂತೆ.

ನಿವೃತ್ತಿಯ ನಂತರ ಕಳೆದ ಹಂಗಾಮಿನಲ್ಲಿ ಒಮ್ಮೆ ರಾಯಗೌಡರ ತೋಟದ ಕಡೆ ಹೋಗಿದ್ದೆ. ಸತೀಶ ಈಗಲೂ ಡ್ರಮ್ಮು ಕಲಸುವ ಮೊದಲು ಬಕೆಟ್ಟು ಮುಟ್ಟುತ್ತಾನೆ, ಅರಿಶಿನದ ತಾಟಿಗೆ ಹನಿ ಬಿಡುತ್ತಾನೆ. ದಾರಿಯಲ್ಲಿ ಬರುವಾಗ ಪಕ್ಕದ ತೋಟದ ಶೆಡ್ಡಿನಲ್ಲೂ ಅರಿಶಿನದ ತಾಟು ಕಂಡಿತು. ಅಲ್ಲಿ ಅದರ ಜೊತೆ ಊದಿನಕಡ್ಡಿ ಹಚ್ಚಿದ್ದರು, ಎರಡು ಹೂವು, ಒಂದು ತೆಂಗಿನಕಾಯಿಯೂ ಇತ್ತು. ತೋಟದ ಯಜಮಾನರು, ವಯಸ್ಸಾದವರು, ನನಗೆ ಪರಿಚಯವಿರಲಿಲ್ಲ. ಇದು ಯಾವ ಪೂಜೆ ಎಂದು ಕೇಳಿದೆ.

"ರಾಯಗೌಡ್ರ ಶೆಡ್ಡಿನ್ಯಾಗ ಮಾಡತಾರ್ರಿ. ಅವರ ಮಾಲು ಚಲೋ ಬರತೈತಿ ಅಂತ ನಾವೂ ಹಿಡದೇವಿ" ಎಂದರು. "ಬಕೆಟ್ಟಿನ ನೀರ ಹನಿಸಿದಾಗ ಅರಿಷಿಣಾ ಕೆಂಪ ಆತಂದ್ರ ದೇವರು ಒಪ್ಪಿದಂಗ."

ಆಗದಿದ್ದರೆ ಎಂದೆ.

ಅವರು ಊದಿನಕಡ್ಡಿಯ ಬೂದಿ ಕೊಡವಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ ನನ್ನನ್ನು ನೋಡಿದರು.

"ಆಗದಿದ್ರ ಡಬ್ಬಿ ತಪ್ಪೈತಿ ಅಂತ್ರಿ, ಅಕ್ಕಾರ. ಇನ್ನೊಂದ ಡಬ್ಬಿ ತಗಿಯೂದು."